ಹಿತ್ತಲ ಗಿಡವೂ ಮದ್ದಾದ ಕಥೆ: ಹವ್ಯಾಸಿ ಎಲೆಕ್ಟ್ರಾನಿಕ್ಸಿನ ಚರಿತ್ರೆಯ ಕೆಲವು ಪುಟಗಳು



ವೈದ್ಯರನ್ನು ಉಪನ್ಯಾಸಕ್ಕೆ ಆಹ್ವಾನಿಸಿದರೆ ಅವರು ರಕ್ತದೊತ್ತಡ, ಕೊಲೆಸ್ಟರಾಲು, ಉಪ್ಪು ತುಪ್ಪಗಳ ಮಿತಿ ಇವುಗಳನ್ನು ಕುರಿತು ಬೋಧಿಸುವುದು ವಾಡಿಕೆ. ಆ ಬೋಧನೆಯನ್ನು ತಾವು ಈಗಾಗಲೇ ಸಾಕಷ್ಟು ಕೇಳಿದ್ದೀರಿ; ಕೇಳಿದ ಮೇಲೂ ಯುಗಾದಿಯ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವುದು ನಿಂತಿಲ್ಲ. ಆದಕಾರಣ ಈ ದಿನ ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ.

ತಮ್ಮಲ್ಲಿ ಅನೇಕರ ಮನೆಗಳಲ್ಲಿ, ಮಕ್ಕಳ ಓದುವ ಮೇಜಿನ ಮೇಲೆ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ನೀಲಿ ಅಥವಾ ಹಸಿರು ಬೋರ್ಡು, ಅದಕ್ಕೆ ಸಿಕ್ಕಿಸಿದ ಬಣ್ಣಬಣ್ಣದ ತಂತಿಗಳು, ಮಿಣುಕುವ ಪುಟ್ಟ ದೀಪ ಇವು ಕಂಡಿರುತ್ತವೆ. ಆರ್ಡುಯಿನೊ, ರಾಸ್ಪ್‌ಬೆರಿ ಪೈ, ಮೈಕ್ರೋಬಿಟ್ ಎಂಬ ಹೆಸರುಗಳು ಕಿವಿಗೆ ಬಿದ್ದಿರಲೂಬಹುದು. ‘ಪಾಠ ಬಿಟ್ಟು ಇದೇನು ಆಟ?’ ಎಂದು ಗದರಿದ ತಂದೆತಾಯಿಗಳೂ ಈ ಸಭೆಯಲ್ಲಿದ್ದಾರೆ. ಆ ಆಟಕ್ಕೆ ಒಂದು ಚರಿತ್ರೆಯುಂಟು. ಆ ಚರಿತ್ರೆ ಎರಡು ಸಲ ರೋಗಿಯ ಹಾಸಿಗೆಯ ಪಕ್ಕದಲ್ಲಿ ಹಾದುಹೋಗಿದೆ ಎಂಬ ಕಾರಣದಿಂದಲೇ ವೈದ್ಯರಾದ ನಾವು ಅದನ್ನು ಹೇಳಲು ಧೈರ್ಯಮಾಡಿದ್ದೇವೆ.

ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮ ಹಿರಿಯರ ಗಾದೆ. ವೈದ್ಯವೃತ್ತಿಯಲ್ಲಿ ಈ ಮನೋಭಾವ ಇಂದಿಗೂ ಬಲವಾಗಿದೆ. ದೊಡ್ಡ ಕಾರ್ಖಾನೆಯಿಂದ ಮೊಹರು ಹಾಕಿಸಿಕೊಂಡು ಬಂದ ಯಂತ್ರವನ್ನು ನಾವು ನಂಬುತ್ತೇವೆ. ನೆರೆಮನೆಯವನು ತನ್ನ ಗ್ಯಾರೇಜಿನಲ್ಲಿ ಮಾಡಿದ್ದನ್ನು ನಂಬುವುದಿಲ್ಲ. ಆದರೆ ಹಿತ್ತಲ ಗಿಡ ಮದ್ದಾಗಿರುವುದನ್ನು ಚರಿತ್ರೆ ತೋರಿಸುತ್ತದೆ. ಹಾಗಾಗಲು ಒಂದು ನಿಬಂಧನೆ ಮಾತ್ರ ಅಗತ್ಯವಾಗಿತ್ತು: ಯಂತ್ರದ ನಕ್ಷೆ ಎಲ್ಲರ ಕಣ್ಣಿಗೂ ತೆರೆದಿರಬೇಕು. ನಮ್ಮ ಉಪನ್ಯಾಸದ ಸಾರ ಇಷ್ಟೇ.

ಹವ್ಯಾಸಿಯೆಂದರೆ ಯಾರು?

ಜೀವನೋಪಾಯಕ್ಕಾಗಿ ಅಲ್ಲದೆ ಕುತೂಹಲಕ್ಕಾಗಿ ಕೈಯಾಡಿಸುವವನು ಹವ್ಯಾಸಿ. ಇದಕ್ಕೆ ಉದಾಹರಣೆಯನ್ನು ಹೊರನಾಡಿನಲ್ಲಿ ಹುಡುಕುವ ಮೊದಲು ನಮ್ಮ ಮೈಸೂರನ್ನೇ ನೆನೆಯಬಹುದು. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಗಳು ತಮ್ಮ ಮನೆಯಿಂದಲೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ನಡೆಸಲಾರಂಭಿಸಿದರು. ಅವರು ಬೋಧಿಸುತ್ತಿದ್ದುದು ಮನಶ್ಶಾಸ್ತ್ರವನ್ನು; ವಿದ್ಯುತ್ತು ಅವರ ವೃತ್ತಿಯಲ್ಲ. ಆ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಮುಂದೆ ಸ್ವತಂತ್ರ ಭಾರತದ ಬಾನುಲಿ ಸಂಸ್ಥೆ ಸ್ವೀಕರಿಸಿದುದು ಅದೇ ಹೆಸರನ್ನು. ಇಡೀ ದೇಶದ ಬಾಯಲ್ಲಿ ನಿಂತ ಶಬ್ದವೊಂದು ಹವ್ಯಾಸಿಯೊಬ್ಬರ ಮನೆಯಿಂದ ಹೊರಟಿತೆಂಬುದು ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿ.

ಇಂಥ ಹವ್ಯಾಸಿಗಳನ್ನು ಒಂದುಗೂಡಿಸಿದ್ದು ಪತ್ರಿಕೆಗಳು. ಅಮೆರಿಕದಲ್ಲಿ 1954ರ ಅಕ್ಟೋಬರಿನಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಎಂಬ ಮಾಸಪತ್ರಿಕೆ ಹೊರಟಿತು. ಪ್ರತಿ ತಿಂಗಳೂ ಅದರಲ್ಲಿ ಕೆಲವು ಸರ್ಕಿಟ್ ನಕ್ಷೆಗಳು, ಬೇಕಾದ ಭಾಗಗಳ ಪಟ್ಟಿ, ಬೆಸುಗೆ ಹಾಕುವ ಕ್ರಮ ಇವು ಅಚ್ಚಾಗುತ್ತಿದ್ದವು. ಅಡುಗೆಯ ಪುಸ್ತಕದಲ್ಲಿ ಬಿಸಿಬೇಳೆಬಾತಿನ ವಿಧಾನವನ್ನು ಓದಿ ಯಾರು ಬೇಕಾದರೂ ಮಾಡಿಕೊಳ್ಳುವಂತೆ, ಅದನ್ನು ಓದಿ ಯಾರು ಬೇಕಾದರೂ ರೇಡಿಯೋ ಮಾಡಿಕೊಳ್ಳಬಹುದಾಗಿತ್ತು. ನಮ್ಮ ಕಥೆಯ ಎರಡು ಮುಖ್ಯ ತಿರುವುಗಳು ಈ ಒಂದೇ ಪತ್ರಿಕೆಯ ಎರಡು ಸಂಚಿಕೆಗಳಲ್ಲಿವೆ.

ತಾಳಯಂತ್ರದಿಂದ ಹೃದಯದ ತಾಳಕ್ಕೆ

ಮಿನಿಯಾಪೊಲಿಸ್ ನಗರದಲ್ಲಿ ಅರ್ಲ್ ಬ್ಯಾಕನ್ ಎಂಬ ತರುಣ ಎಂಜಿನಿಯರು 1949ರಲ್ಲಿ ತನ್ನ ಭಾವಮೈದುನ ಪಾಮರ್ ಹರ್ಮಂಡ್‌ಸ್ಲಿಯೊಡನೆ ಒಂದು ಗ್ಯಾರೇಜಿನಲ್ಲಿ ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡುವ ಅಂಗಡಿ ತೆರೆದರು. ಅದಕ್ಕೆ ಮೆಡ್‌ಟ್ರಾನಿಕ್ ಎಂದು ಹೆಸರಿಟ್ಟರು. ಮೊದಲ ತಿಂಗಳ ಸಂಪಾದನೆ ಎಂಟು ಡಾಲರುಗಳೆಂದು ಆ ಸಂಸ್ಥೆಯ ಚರಿತ್ರೆಯಲ್ಲಿ ದಾಖಲಾಗಿದೆ.

ಅದೇ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ವಾಲ್ಟನ್ ಲಿಲ್ಲೆಹೈ ಅವರು ಮಕ್ಕಳ ಹೃದಯವನ್ನು ತೆರೆದು ಹುಟ್ಟುದೋಷಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆಗ ತಾನೇ ದಾರಿ ಮಾಡುತ್ತಿದ್ದರು. ಹೃದಯದ ಕೋಣೆಗಳ ನಡುವಣ ರಂಧ್ರವನ್ನು ಹೊಲಿಯುವಾಗ ಕೆಲವು ಮಕ್ಕಳಲ್ಲಿ ಬಡಿತದ ಸಂದೇಶವನ್ನು ಒಯ್ಯುವ ಸೂಕ್ಷ್ಮ ನಾರುಗಳಿಗೆ ಪೆಟ್ಟಾಗುತ್ತಿತ್ತು. ಆಗ ಮೇಲಿನ ಕೋಣೆ ಹೇಳಿದ್ದು ಕೆಳಗಿನ ಕೋಣೆಗೆ ಕೇಳಿಸದು. ನಾಡಿ ಅಪಾಯಕರವಾಗಿ ಕುಸಿಯುತ್ತದೆ. ನಾರುಗಳು ಚೇತರಿಸಿಕೊಳ್ಳುವವರೆಗೆ ಕೆಲವು ದಿನ ಹೊರಗಿನಿಂದ ವಿದ್ಯುತ್ ಮಿಡಿತ ಕೊಟ್ಟು ಹೃದಯವನ್ನು ನಡೆಸಿದರೆ ಮಗು ಉಳಿಯುತ್ತದೆ. ಮಿಡಿತ ಕೊಡುವ ಪೇಸ್‌ಮೇಕರುಗಳು ಆಗಲೂ ಇದ್ದವು. ಆದರೆ ಅವು ಗಾಡಿಯ ಮೇಲೆ ಕೂರಿಸಬೇಕಾದ ದೊಡ್ಡ ಪೆಟ್ಟಿಗೆಗಳು; ಗೋಡೆಯ ವಿದ್ಯುತ್ತೇ ಅವುಗಳ ಆಹಾರ. ತಂತಿ ಎಷ್ಟುದ್ದವೋ ಅಷ್ಟೇ ಮಗುವಿನ ಓಡಾಟ.

1957ರ ಅಕ್ಟೋಬರ್ 31ರಂದು ಆ ನಗರದಲ್ಲಿ ಕೆಲವು ಗಂಟೆಗಳ ಕಾಲ ವಿದ್ಯುತ್ತು ಕೈಕೊಟ್ಟಿತು. ಗೋಡೆಯನ್ನು ನಂಬಿದ ಪೇಸ್‌ಮೇಕರಿನ ದೌರ್ಬಲ್ಯ ಎಲ್ಲರಿಗೂ ಮನದಟ್ಟಾಯಿತು. ಬ್ಯಾಟರಿಯಿಂದ ನಡೆಯುವ ಯಂತ್ರವೊಂದನ್ನು ಮಾಡಿಕೊಡಲು ಸಾಧ್ಯವೇ ಎಂದು ಲಿಲ್ಲೆಹೈ ಬ್ಯಾಕನ್ನರನ್ನು ಕೇಳಿದರು.

ಬ್ಯಾಕನ್ನರಿಗೆ ಹಳೆಯ ಸಂಚಿಕೆಯೊಂದರ ನೆನಪಾಯಿತು. 1956ರ ಏಪ್ರಿಲ್ ತಿಂಗಳ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ನಲ್ಲಿ ಎರಡು ಟ್ರಾನ್ಸಿಸ್ಟರುಗಳ ಮೆಟ್ರೊನೋಮಿನ ನಕ್ಷೆ ಅಚ್ಚಾಗಿತ್ತು. ಮೆಟ್ರೊನೋಮ್ ಎಂದರೆ ಪಾಶ್ಚಾತ್ಯ ಸಂಗೀತದ ವಿದ್ಯಾರ್ಥಿಗೆ ಲಯ ತಪ್ಪದಂತೆ ಟಿಕ್ ಟಿಕ್ ಎಂದು ಎಣಿಸಿಕೊಡುವ ಯಂತ್ರ. ನಮ್ಮ ಮಕ್ಕಳು ಸಂಗೀತ ಪಾಠಕ್ಕೆ ಕೂರುವಾಗ ಪಕ್ಕದಲ್ಲಿರುವ ಬೆಂಗಳೂರಿನ ಎಲೆಕ್ಟ್ರಾನಿಕ್ ತಂಬೂರ ಶ್ರುತಿಯನ್ನು ಕಾಯುವಂತೆ ಇದು ತಾಳವನ್ನು ಕಾಯುತ್ತದೆ. ಅದರ ಸ್ಪೀಕರನ್ನು ತೆಗೆದುಹಾಕಿ, ಆ ಮಿಡಿತವನ್ನೇ ತಂತಿಯ ಮೂಲಕ ಹೃದಯಕ್ಕೆ ಕೊಟ್ಟರೆ? ಸುಮಾರು ನಾಲ್ಕು ವಾರಗಳಲ್ಲಿ ಬ್ಯಾಕನ್ ನಾಲ್ಕಂಗುಲ ಚೌಕದ ಅಲ್ಯೂಮಿನಿಯಂ ಪೆಟ್ಟಿಗೆಯೊಂದನ್ನು ಸಿದ್ಧಪಡಿಸಿದರು. ಮುಖದ ಮೇಲೆ ವೇಗವನ್ನೂ ಬಲವನ್ನೂ ಹೊಂದಿಸುವ ಗುಂಡಿಗಳು, ಒಳಗೆ ಒಂದು ಪಾದರಸದ ಬ್ಯಾಟರಿ.

ಅದನ್ನು ಮೊದಲು ಪ್ರಯೋಗಶಾಲೆಯಲ್ಲಿ ನಾಯಿಯೊಂದರ ಮೇಲೆ ಪರೀಕ್ಷಿಸಲಾಯಿತು, ಕೆಲಸ ಮಾಡಿತು. ಮನುಷ್ಯರಿಗೆ ಉಪಯೋಗಿಸಲು ಇನ್ನೂ ಅಚ್ಚುಕಟ್ಟಾದದ್ದನ್ನು ಮಾಡಬೇಕೆಂದು ಬ್ಯಾಕನ್ ಯೋಚಿಸುತ್ತಿದ್ದರು. ಮರುದಿನ ಆಸ್ಪತ್ರೆಗೆ ಬಂದಾಗ ಅದೇ ಪೆಟ್ಟಿಗೆ ಒಂದು ಮಗುವಿನ ಹೃದಯವನ್ನು ನಡೆಸುತ್ತಿರುವುದನ್ನು ಅವರು ಕಂಡರು. ಅದು ಕೈಗೆ ಸಿಕ್ಕಿರುವಾಗ ಮಗುವನ್ನು ಕಾಯಿಸಲು ಲಿಲ್ಲೆಹೈ ಸಿದ್ಧರಿರಲಿಲ್ಲ. ಕೊರಳಿಗೋ ಸೊಂಟಕ್ಕೋ ತೂಗುಹಾಕಿಕೊಂಡು ನಡೆದಾಡಬಹುದಾದ, ಬ್ಯಾಟರಿಯಿಂದ ನಡೆಯುವ ಪೇಸ್‌ಮೇಕರಿನ ಯುಗ ಆರಂಭವಾದದ್ದು ಹೀಗೆ.

ಇದೇ ಕಾಲದಲ್ಲಿ ಬಫೆಲೊ ನಗರದ ಬಳಿ ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಇನ್ನೊಬ್ಬರಿದ್ದರು. ಇವರೂ ಚಿಕ್ಕಂದಿನಿಂದ ಹವ್ಯಾಸಿ ರೇಡಿಯೋದ ಗೀಳು ಹಿಡಿಸಿಕೊಂಡವರು. ಹೃದಯದ ಸದ್ದನ್ನು ದಾಖಲಿಸುವ ಸರ್ಕಿಟ್ಟೊಂದನ್ನು ಜೋಡಿಸುವಾಗ ರೆಸಿಸ್ಟರುಗಳ ಡಬ್ಬಿಯಿಂದ ಬೇರೊಂದನ್ನೆತ್ತಿ ಬೆಸುಗೆ ಹಾಕಿದರು. ಸರ್ಕಿಟ್ಟು ಕ್ಷಣಕಾಲ ಮಿಡಿದು, ಒಂದು ಸೆಕೆಂಡು ಸುಮ್ಮನಿದ್ದು, ಮತ್ತೆ ಮಿಡಿಯತೊಡಗಿತು. ಅದು ಹೃದಯದ ನಡೆ ಎಂಬುದು ಅವರಿಗೆ ಹೊಳೆಯಿತು. ಮನೆಯ ಹಿಂದಿನ ಕೊಟ್ಟಿಗೆಯೇ ಕಾರ್ಯಾಗಾರವಾಯಿತು. ಡಾ. ವಿಲಿಯಂ ಚಾರ್ಡಾಕರ ತಂಡ 1960ರಲ್ಲಿ ಆ ಯಂತ್ರವನ್ನು ರೋಗಿಗಳ ಶರೀರದೊಳಗೆ ಅಳವಡಿಸಿತು. ಶರೀರದೊಳಗೆ ಇಡುವ ಮೊತ್ತಮೊದಲ ಪ್ರಯತ್ನ 1958ರಲ್ಲಿ ಸ್ವೀಡನ್ನಿನಲ್ಲಿ ನಡೆದಿತ್ತೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಆ ಯಂತ್ರವನ್ನು ಎರಕ ಹೊಯ್ಯಲು ಉಪಯೋಗಿಸಿದ್ದು ಬೂಟ್‌ಪಾಲಿಷ್ ಡಬ್ಬಿಯನ್ನು.

ನಮ್ಮ ಗಮನಕ್ಕೆ ಬರಬೇಕಾದ ಅಂಶವೊಂದಿದೆ. ಮೆಟ್ರೊನೋಮಿನ ನಕ್ಷೆಯನ್ನು ಅಚ್ಚುಹಾಕಿದವರ ಮನಸ್ಸಿನಲ್ಲಿ ಪಿಯಾನೊ ಕಲಿಯುವ ಹುಡುಗರಿದ್ದರೇ ಹೊರತು ಹೃದ್ರೋಗದ ಮಕ್ಕಳಿರಲಿಲ್ಲ. ಅವರಿಗೆ ತಿಳಿಯದ ಅಗತ್ಯವೊಂದು ಬೇರೆ ಯಾರದೋ ಕೈಯಲ್ಲಿ ಆ ನಕ್ಷೆಯಿಂದ ಪೂರೈಸಿತು. ತೆರೆದ ನಕ್ಷೆಯ ಗುಣವೇ ಅದು: ಬರೆದವನ ಊಹೆಗೆ ನಿಲುಕದ ಕಡೆಯಲ್ಲಿ ಅದು ಫಲ ಕೊಡುತ್ತದೆ.

ಅದೇ ಪತ್ರಿಕೆ, ಇನ್ನೊಂದು ನಕ್ಷೆ

ಹತ್ತೊಂಬತ್ತು ವರ್ಷಗಳ ನಂತರ, 1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ನ ಮುಖಪುಟದಲ್ಲಿ ನೀಲಿ ಪೆಟ್ಟಿಗೆಯೊಂದರ ಚಿತ್ರವಿತ್ತು. ಅದರ ಹೆಸರು ಆಲ್ಟೇರ್ 8800. ಬಿಡಿಭಾಗಗಳಾಗಿ ಕೊಂಡರೆ ಬೆಲೆ 397 ಡಾಲರು. ಕೀಲಿಮಣೆಯಿಲ್ಲ, ತೆರೆಯಿಲ್ಲ, ಮುಂಭಾಗದಲ್ಲಿ ಸಾಲಾಗಿ ಸ್ವಿಚ್ಚುಗಳು ಮತ್ತು ಕೆಂಪು ದೀಪಗಳು ಮಾತ್ರ. ನೆನಪಿನ ಸಾಮರ್ಥ್ಯ 256 ಬೈಟುಗಳು. ನಾವು ಇದುವರೆಗೆ ಆಡಿದ ಮಾತಿನ ಒಂದೆರಡು ವಾಕ್ಯವನ್ನಷ್ಟೇ ಅದು ಹಿಡಿದಿಡಬಲ್ಲುದು. ಆದರೂ ಸಾಮಾನ್ಯನೊಬ್ಬ ತನ್ನ ಮನೆಯಲ್ಲಿ ಬೆಸುಗೆ ಹಾಕಿ ನಿಜವಾದ ಕಂಪ್ಯೂಟರೊಂದನ್ನು ಹೊಂದಬಹುದೆಂಬ ಸುದ್ದಿಗೆ ದೇಶವೇ ಕಿವಿಗೊಟ್ಟಿತು. ಕೆಲವು ನೂರು ಬೇಡಿಕೆಗಳನ್ನು ನಿರೀಕ್ಷಿಸಿದ್ದ, ಸಾಲದಲ್ಲಿ ಮುಳುಗಿದ್ದ ಆಲ್ಬುಕರ್ಕಿಯ ಪುಟ್ಟ ಸಂಸ್ಥೆಗೆ ಸಾವಿರಗಟ್ಟಲೆ ಬೇಡಿಕೆ ಬಂದವು. ಅದೇ ವರ್ಷ ಮಾರ್ಚ್ 5ರಂದು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಹವ್ಯಾಸಿಗಳು ಸೇರಿ ‘ಹೋಂಬ್ರೂ ಕಂಪ್ಯೂಟರ್ ಕ್ಲಬ್’ ಆರಂಭಿಸಿದರು. ಆ ಕ್ಲಬ್ಬಿನ ಸದಸ್ಯರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಮಾಡಿದ ಬೋರ್ಡೇ 1976ರ ಮೊದಲ ಆಪಲ್ ಕಂಪ್ಯೂಟರು.

ಆಲ್ಟೇರಿನ ನಿರ್ಮಾತೃ ಎಡ್ ರಾಬರ್ಟ್ಸ್ ಅವರ ಮುಂದಿನ ಜೀವನವನ್ನು ಬಹಳ ಮಂದಿ ಅರಿಯರು. ತಾರುಣ್ಯದಲ್ಲಿ ಅವರಿಗೆ ವೈದ್ಯನಾಗಬೇಕೆಂಬ ಆಸೆಯಿತ್ತು. 1977ರಲ್ಲಿ ಸಂಸ್ಥೆಯನ್ನು ಮಾರಿ ಜಾರ್ಜಿಯ ರಾಜ್ಯಕ್ಕೆ ಹೋಗಿ ಬೇಸಾಯದಲ್ಲಿ ತೊಡಗಿದರು. ಬಳಿಕ ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ 1986ರಲ್ಲಿ ವೈದ್ಯರಾದರು. 2010ರಲ್ಲಿ ತೀರಿಕೊಳ್ಳುವವರೆಗೂ ಕಾಕ್ರನ್ ಎಂಬ ಸಣ್ಣ ಊರಿನವರಿಗೆ ಅವರು ‘ಡಾಕ್ಟರು’. ಬೆಸುಗೆಯ ಕಡ್ಡಿ ಹಿಡಿದ ಕೈ ಸ್ಟೆತಾಸ್ಕೋಪನ್ನೂ ಹಿಡಿಯಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎಂಜಿನಿಯರಿಂಗೋ ಮೆಡಿಕಲ್ಲೋ ಎಂದು ಹದಿನೈದರ ಮಕ್ಕಳನ್ನು ಪೀಡಿಸುವ ನಮ್ಮ ಸಮಾಜ ಇದನ್ನು ಗಮನಿಸಬೇಕು.

ಇವ್ರೆಯ ಬೋರ್ಡು

ಇಲ್ಲಿಗೆ ಕಂಪ್ಯೂಟರು ಮನೆಗೆ ಬಂದಿತು. ಆದರೆ ನಮ್ಮ ಮಕ್ಕಳ ಮೇಜಿನ ಬೋರ್ಡಿನ ವಂಶಾವಳಿ ತುಸು ಬೇರೆ. ಎಣಿಕೆ ಮಾಡುವ ಭಾಗ, ನೆನಪಿನ ಭಾಗ, ಹೊರಜಗತ್ತಿನೊಡನೆ ವ್ಯವಹರಿಸುವ ಭಾಗ ಈ ಮೂರನ್ನೂ ಒಂದೇ ಚಿಪ್ಪಿನಲ್ಲಿ ಅಡಕಗೊಳಿಸಿದರೆ ಅದು ಮೈಕ್ರೋಕಂಟ್ರೋಲರ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿ.ಎಂ.ಎಸ್. 1000 ಎಂಬುದು 1974ರಲ್ಲಿ ಮಾರುಕಟ್ಟೆಗೆ ಬಂದಿತು. ಇಂಟೆಲಿನ 8051 ಎಂಬುದು 1980ರಲ್ಲಿ. ಬಟ್ಟೆ ಒಗೆಯುವ ಯಂತ್ರ, ಮೈಕ್ರೋವೇವ್ ಒಲೆ, ಕಾರು, ಇನ್‌ಸುಲಿನ್ ಪಂಪು, ಇವೆಲ್ಲದರ ಒಳಗೂ ಇಂಥದೊಂದು ಕುಳಿತಿದೆ. ಮನೆಯ ಯಜಮಾನನಿಗೆ ಅದರ ಮುಖಪರಿಚಯವಿಲ್ಲ.

ಚಿಪ್ಪು ಅಗ್ಗವಾಗುತ್ತ ಬಂದರೂ ಅದಕ್ಕೆ ಪಾಠ ಹೇಳುವ ಸಲಕರಣೆ ದುಬಾರಿಯಾಗಿತ್ತು. ಕಾರ್ಯಕ್ರಮ ಬರೆದು ಅಳಿಸಬಹುದಾದ ಚಿಪ್ಪುಗಳ ನೆತ್ತಿಯ ಮೇಲೆ ಗಾಜಿನ ಕಿಟಕಿಯೊಂದಿರುತ್ತಿತ್ತು. ಬರೆದುದರಲ್ಲಿ ಒಂದಕ್ಷರ ತಪ್ಪಿದರೂ ನೇರಳಾತೀತ ದೀಪದ ಕೆಳಗೆ ನಿಮಿಷಗಟ್ಟಲೆ ಇಟ್ಟು ಅಳಿಸಿ, ಮತ್ತೆ ಮೊದಲಿನಿಂದ ಬರೆಯಬೇಕು. 1993ರಲ್ಲಿ ಮೈಕ್ರೋಚಿಪ್ ಸಂಸ್ಥೆಯ ಪಿಕ್ 16ಸಿ84 ಬಂದು ವಿದ್ಯುತ್ತಿನಿಂದಲೇ ಅಳಿಸಿ ಬರೆಯುವುದು ಸಾಧ್ಯವಾದಾಗ ಹವ್ಯಾಸಿಗಳಿಗೆ ಹಬ್ಬವಾಯಿತು. ನಾರ್ವೆಯ ಟ್ರಾಂಡ್‌ಹೈಮಿನ ಇಬ್ಬರು ವಿದ್ಯಾರ್ಥಿಗಳ ಚಿಂತನೆಯಿಂದ ಹುಟ್ಟಿದ ಎ.ವಿ.ಆರ್. ಚಿಪ್ಪುಗಳು 1990ರ ದಶಕದ ಉತ್ತರಾರ್ಧದಲ್ಲಿ ಬಂದವು. ಸಾಮಗ್ರಿ ಸಿದ್ಧವಾಗಿತ್ತು, ಬಡಿಸುವವರು ಬೇಕಾಗಿತ್ತು.

ಬಡಿಸಿದ್ದು ಉತ್ತರ ಇಟಲಿಯ ಇವ್ರೆಯ ಎಂಬ ಊರು. ಟೈಪ್‌ರೈಟರುಗಳಿಗೆ ಪ್ರಸಿದ್ಧವಾದ ಒಲಿವೆಟ್ಟಿ ಸಂಸ್ಥೆಯ ಊರು ಅದು. ಅಲ್ಲಿನ ವಿನ್ಯಾಸ ಶಾಲೆಯಲ್ಲಿ ಕಲಿಯುತ್ತಿದ್ದವರು ಕಲಾವಿದರು, ವಿನ್ಯಾಸಕಾರರು, ಎಂಜಿನಿಯರುಗಳಲ್ಲ. ಅವರಿಗಾಗಿ ಕೊಲಂಬಿಯ ದೇಶದ ಎರ್ನಾಂಡೊ ಬರ್ರಗಾನ್ ಎಂಬ ವಿದ್ಯಾರ್ಥಿ 2003ರಲ್ಲಿ ‘ವೈರಿಂಗ್’ ಎಂಬ ಬೋರ್ಡನ್ನೂ ಸುಲಭವಾದ ಭಾಷೆಯನ್ನೂ ತನ್ನ ಪ್ರೌಢಪ್ರಬಂಧಕ್ಕಾಗಿ ರೂಪಿಸಿದರು. ಅದರ ಆಧಾರದ ಮೇಲೆ 2005ರಲ್ಲಿ ಮಸ್ಸಿಮೊ ಬಾಂಜಿ ಮತ್ತು ಸಂಗಡಿಗರು ಇನ್ನೂ ಅಗ್ಗವಾದ ಬೋರ್ಡೊಂದನ್ನು ಮಾಡಿದರು. ಅವರು ಸಂಜೆ ಸೇರುತ್ತಿದ್ದ ಪಾನಗೃಹಕ್ಕೆ, 1002ರಲ್ಲಿ ಇಟಲಿಯ ದೊರೆಯಾದ ಇವ್ರೆಯದ ಆರ್ಡುಯಿನೊ ಎಂಬಾತನ ಹೆಸರಿತ್ತು. ಬೋರ್ಡಿಗೂ ಅದೇ ಹೆಸರಾಯಿತು. ಬರ್ರಗಾನರಿಗೆ ಸಲ್ಲಬೇಕಾದ ಗೌರವ ತಡವಾಗಿ ಸಂದಿತೆಂಬುದನ್ನು ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು.

ಆ ಶಾಲೆ ಮುಚ್ಚುವ ಹಂತದಲ್ಲಿತ್ತು. ಶಾಲೆಯೊಂದಿಗೆ ಬೋರ್ಡೂ ಮರೆಯಾಗದಿರಲಿ ಎಂದು ಅವರು ಅದರ ನಕ್ಷೆಯನ್ನೂ ಸಾಫ್ಟ್‌ವೇರನ್ನೂ ಯಾರು ಬೇಕಾದರೂ ನಕಲು ಮಾಡಬಹುದಾದಂತೆ ಸಾರ್ವಜನಿಕವಾಗಿ ಬಿಟ್ಟುಕೊಟ್ಟರು. 2010ರಲ್ಲಿ ಬಂದ ‘ಊನೊ’ ಎಂಬ ಬೋರ್ಡಿನ ನೆನಪು 32 ಕಿಲೋಬೈಟು, ವೇಗ ಸೆಕೆಂಡಿಗೆ ಒಂದು ಕೋಟಿ ಅರವತ್ತು ಲಕ್ಷ ಮಿಡಿತ. ಇಂದಿನ ಫೋನಿನ ಮುಂದೆ ಇದು ಲೆಕ್ಕಕ್ಕಿಲ್ಲ. ಆದರೆ ಇದರ ಒಂದೊಂದು ಕಾಲಿನ ಕೆಲಸವೂ ನಕ್ಷೆಯಲ್ಲಿದೆ, ಫೋನಿನದು ಇಲ್ಲ. ನಕ್ಷೆ ತೆರೆದಿದ್ದುದರಿಂದ ಚೀನಾದ ಕಾರ್ಖಾನೆಗಳೂ ಇದನ್ನು ಮಾಡಿದವು. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ಇದು ದೊರೆಯುವಂತಾಯಿತು. 2012ರ ಫೆಬ್ರುವರಿ 29ರಂದು ಇಂಗ್ಲೆಂಡಿನ ಕೇಂಬ್ರಿಡ್ಜಿನಿಂದ ರಾಸ್ಪ್‌ಬೆರಿ ಪೈ ಎಂಬ 35 ಡಾಲರಿನ ಪೂರ್ಣ ಕಂಪ್ಯೂಟರೂ ಬಂದು ಈ ಸಂಸಾರವನ್ನು ಸೇರಿತು.

ಮುಚ್ಚಿದ ಪೆಟ್ಟಿಗೆಯ ಮುಂದೆ

ನಕ್ಷೆಯಿಲ್ಲದ ಪೆಟ್ಟಿಗೆಯ ಸಂಕಟವನ್ನು ನಾವು ಮೊದಲು ಕಂಡದ್ದು 1990ರ ದಶಕದ ಆರಂಭದಲ್ಲಿ, ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದಾಗ. ವಾರ್ಡಿನ ಇ.ಸಿ.ಜಿ. ಯಂತ್ರ ಕೆಟ್ಟಿತು. ಕಂಪನಿಯ ಮೆಕ್ಯಾನಿಕ್ಕು ಬರಲು ವಾರಗಳು ಬೇಕು. ಪೇಟೆಬೀದಿಯ ರೇಡಿಯೋ ರಿಪೇರಿಯವರನ್ನು ಕರೆತಂದೆವು. ಅವರು ಮುಚ್ಚಳ ಬಿಚ್ಚಿ, ಬಿಟ್ಟುಹೋಗಿದ್ದ ಬೆಸುಗೆಯೊಂದನ್ನು ಅರ್ಧ ಗಂಟೆಯಲ್ಲಿ ಸರಿಪಡಿಸಿದರು, ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಕೆಲವು ತಿಂಗಳ ನಂತರ ಯಂತ್ರ ಮತ್ತೆ ಕೆಟ್ಟಾಗ ದೋಷ ಕಣ್ಣಿಗೆ ಕಾಣುವಂತಿರಲಿಲ್ಲ. ‘ಸರ್ಕಿಟ್ ಕಾಗದ ಕೊಡಿ ಸ್ವಾಮಿ, ನೋಡ್ತೀನಿ’ ಎಂದರು. ಕಾಗದ ಆಸ್ಪತ್ರೆಯಲ್ಲಿರಲಿಲ್ಲ. ಯಂತ್ರ ಬಟ್ಟೆ ಹೊದ್ದು ಮೂಲೆ ಸೇರಿತು. ಜಾಣ್ಮೆಗೆ ಆ ಊರಿನಲ್ಲಿ ಕೊರತೆಯಿರಲಿಲ್ಲ. ಕೊರತೆ ಇದ್ದುದು ಒಂದು ಹಾಳೆ ಕಾಗದದ್ದು.

ಇದೇ ಸಂಕಟ ಅಮೆರಿಕದಂಥ ಸಂಪನ್ನ ದೇಶದಲ್ಲಿಯೂ ಇನ್ನೊಂದು ವೇಷದಲ್ಲಿ ಬಂದಿತು. ಮೊದಲ ಬಗೆಯ ಮಧುಮೇಹದಲ್ಲಿ ಶರೀರ ಇನ್‌ಸುಲಿನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಇನ್‌ಸುಲಿನ್ ಕಡಿಮೆಯಾದರೆ ಸಕ್ಕರೆ ಏರಿ ವಿಷಮಿಸುತ್ತದೆ. ಹೆಚ್ಚಾದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತದೆ. ಅತಿ ಭಯದ ಹೊತ್ತೆಂದರೆ ನಡುರಾತ್ರಿ. ಇಂಥ ಮಕ್ಕಳ ತಾಯಂದಿರು ವರ್ಷಗಟ್ಟಲೆ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡದಿರುವುದನ್ನು ನಾವು ವೃತ್ತಿಯಲ್ಲಿ ಕಂಡಿದ್ದೇವೆ.

2010ರ ಸುಮಾರಿಗೆ ಎರಡು ಉಪಕರಣಗಳು ಬಳಕೆಯಲ್ಲಿದ್ದವು. ಚರ್ಮದಡಿಯ ಸಕ್ಕರೆಯನ್ನು ಐದು ನಿಮಿಷಕ್ಕೊಮ್ಮೆ ಅಳೆಯುವ ಸೆನ್ಸರು ಒಂದು. ಇನ್‌ಸುಲಿನನ್ನು ಹನಿಹನಿಯಾಗಿ ಕೊಡುವ ಪಂಪು ಇನ್ನೊಂದು. ಎರಡೂ ಒಂದೇ ದೇಹದ ಮೇಲೆ ಅಂಗೈಯಗಲದ ಅಂತರದಲ್ಲಿದ್ದರೂ ಎಷ್ಟೋ ಸಲ ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಶಾಲೆಗೆ ಹೋದ ಮಗುವಿನ ಸಕ್ಕರೆ ಎಷ್ಟೆಂದು ಕಚೇರಿಯಲ್ಲಿರುವ ತಂದೆಗೆ ತಿಳಿಯುವಂತಿರಲಿಲ್ಲ. ಜಾನ್ ಕಾಸ್ಟಿಕ್ ಎಂಬ ತಂದೆ ತನ್ನ ಪುಟ್ಟ ಮಗನಿಗಾಗಿ 2013ರಲ್ಲಿ ಆ ಸೆನ್ಸರಿನ ಭಾಷೆಯನ್ನು ತಾವೇ ಬಿಡಿಸಿ ಅಂಕಿಗಳನ್ನು ದೂರದಿಂದ ನೋಡುವಂತೆ ಮಾಡಿದರು. ಅದೇ ವರ್ಷ ನವೆಂಬರಿನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಇಂಥವರೆಲ್ಲ ಸೇರಿದಾಗ ‘ನಾವು ಕಾಯುತ್ತ ಕೂರುವುದಿಲ್ಲ’ ಎಂಬುದು ಅವರ ಘೋಷವಾಕ್ಯವಾಯಿತು.

ಸಿಯಾಟಲಿನ ಡಾನಾ ಲೂಯಿಸ್ ಎಂಬ ತರುಣಿಗೆ ಹದಿಹರೆಯದಿಂದಲೇ ಈ ಮಧುಮೇಹವಿತ್ತು. ಸೆನ್ಸರಿನ ಎಚ್ಚರಿಕೆಯ ಸದ್ದು ಅವರ ಗಾಢನಿದ್ದೆಯನ್ನು ಭೇದಿಸುವಷ್ಟು ಜೋರಾಗಿರಲಿಲ್ಲ. ಸದ್ದನ್ನು ಜೋರು ಮಾಡಬೇಕೆಂಬ ಸಣ್ಣ ಆಸೆಯಿಂದ ಹೊರಟ ಅವರು ಮತ್ತು ಸ್ಕಾಟ್ ಲೈಬ್ರಾಂಡ್, ಪಂಪಿನ ಭಾಷೆಯನ್ನು ವರ್ಷಗಟ್ಟಲೆ ಕುಳಿತು ಬಿಡಿಸಿದ್ದ ಬೆನ್ ವೆಸ್ಟ್ ಅವರ ನೆರವಿನಿಂದ, 2014ರ ಡಿಸೆಂಬರಿನಲ್ಲಿ ಸೆನ್ಸರನ್ನೂ ಪಂಪನ್ನೂ ಒಂದು ರಾಸ್ಪ್‌ಬೆರಿ ಪೈ ಬೋರ್ಡಿನ ಮಧ್ಯಸ್ಥಿಕೆಯಲ್ಲಿ ಕೂಡಿಸಿದರು. ಬೋರ್ಡು ಸಕ್ಕರೆಯ ಅಂಕಿಯನ್ನು ಓದಿ, ಮುಂದಿನ ಗತಿಯನ್ನು ಎಣಿಸಿ, ಇನ್‌ಸುಲಿನ್ ತುಸು ಹೆಚ್ಚಿಸು ಅಥವಾ ತಗ್ಗಿಸು ಎಂದು ಪಂಪಿಗೆ ಹೇಳುತ್ತದೆ. ಅವರ ವಿವೇಕ ಕಂಡುಬರುವುದು ಇಲ್ಲಿ: ಒಂದು ಆಜ್ಞೆಯ ಆಯುಸ್ಸು 30 ನಿಮಿಷ ಮಾತ್ರ. ಬೋರ್ಡು ಕೆಟ್ಟರೂ, ಸಂಪರ್ಕ ಕಡಿದರೂ ಪಂಪು ವೈದ್ಯರು ಮೊದಲೇ ಗೊತ್ತುಪಡಿಸಿದ ಪ್ರಮಾಣಕ್ಕೆ ತಾನಾಗಿ ಮರಳುತ್ತದೆ. 2015ರಲ್ಲಿ ಅವರು ಇದರ ವಿನ್ಯಾಸವನ್ನು ‘ಓಪನ್ ಎ.ಪಿ.ಎಸ್.’ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟರು. ಬಳಿಕ, ಮಗಳಿಗೆ ಇದೇ ಕಾಯಿಲೆಯಿದ್ದ ಇನ್ನೊಬ್ಬ ತಂದೆ ಫೋನಿಗೂ ಪಂಪಿಗೂ ದುಭಾಷಿಯಾಗಬಲ್ಲ ‘ರೈಲಿಲಿಂಕ್’ ಎಂಬ ಮೈಕ್ರೋಕಂಟ್ರೋಲರ್ ಬೋರ್ಡನ್ನೇ ಮಾಡಿದರು.

ಹೊರಗಿನವರ ಆಜ್ಞೆಯನ್ನು ರೇಡಿಯೋ ಮೂಲಕ ಸ್ವೀಕರಿಸುತ್ತಿದ್ದ ಆ ಹಳೆಯ ಪಂಪು ಯಾರದು? ಮೆಡ್‌ಟ್ರಾನಿಕ್ ಸಂಸ್ಥೆಯದು. ಮಿನಿಮೆಡ್ ಎಂಬ ಪಂಪು ತಯಾರಕರನ್ನು ಅದು 2001ರಲ್ಲಿ ಕೊಂಡಿತ್ತು. ಹವ್ಯಾಸಿ ಪತ್ರಿಕೆಯ ತೆರೆದ ನಕ್ಷೆಯಿಂದ ಮೇಲೆದ್ದ ಗ್ಯಾರೇಜು ಅರುವತ್ತು ವರ್ಷಗಳಲ್ಲಿ ಜಗತ್ತಿನ ಬೃಹತ್ ಸಂಸ್ಥೆಗಳಲ್ಲಿ ಒಂದಾಗಿ, ಮುಚ್ಚಿದ ಪೆಟ್ಟಿಗೆಗಳನ್ನು ಮಾರುತ್ತಿತ್ತು. ಹೊಸ ಪೀಳಿಗೆಯ ಹವ್ಯಾಸಿಗಳು ಅದರ ಬಾಗಿಲನ್ನು ತಟ್ಟುತ್ತಿದ್ದರು. ಸಕ್ಕರೆಗೆ ತಕ್ಕಂತೆ ಇನ್‌ಸುಲಿನನ್ನು ತಾನೇ ಹೊಂದಿಸುವ ಅಂಗೀಕೃತ ಯಂತ್ರವನ್ನು ಅಮೆರಿಕದಲ್ಲಿ ಮೊದಲು ತಂದದ್ದೂ ಅದೇ ಸಂಸ್ಥೆ, 2016ರ ಸೆಪ್ಟೆಂಬರಿನಲ್ಲಿ. ಹವ್ಯಾಸಿಗಳು ಅದಕ್ಕಿಂತ ಹೆಚ್ಚುಕಡಿಮೆ ಎರಡು ವರ್ಷ ಮುಂದಿದ್ದರು.

ನಾಣ್ಯದ ಇನ್ನೊಂದು ಮುಖ

ವೈದ್ಯರಾಗಿ ನಾವು ಇದರ ಅಪಾಯವನ್ನು ಮುಚ್ಚಿಡಲಾರೆವು. ಹೊರಗಿನವರ ಆಜ್ಞೆಗೆ ಕಿವಿಗೊಡುವ ಪಂಪು ಹಿತೈಷಿಗೂ ಕಿವಿಗೊಡುತ್ತದೆ, ಹಗೆಗೂ ಕಿವಿಗೊಡುತ್ತದೆ. ಅದೇ ಕಾರಣಕ್ಕೆ 2019ರ ಜೂನಿನಲ್ಲಿ ಆ ಹಳೆಯ ಪಂಪುಗಳನ್ನು ಹಿಂದಕ್ಕೆ ಕರೆಯಲಾಯಿತು. ಅದಕ್ಕೆ ಒಂದು ತಿಂಗಳ ಮುಂಚೆ ಅಮೆರಿಕದ ಎಫ್.ಡಿ.ಎ. ಇಲಾಖೆ, ಅಂಗೀಕಾರವಿಲ್ಲದ ಉಪಕರಣದಿಂದ ಇನ್‌ಸುಲಿನ್ ಮಿತಿಮೀರಿದ ಪ್ರಕರಣವೊಂದನ್ನು ಉಲ್ಲೇಖಿಸಿ ಎಚ್ಚರಿಕೆಯನ್ನು ಪ್ರಕಟಿಸಿತ್ತು. ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ 1976ರ ಅಮೆರಿಕದ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ. ಸರಿಯಾಗಿ ಪರೀಕ್ಷಿಸದ ಉಪಕರಣಗಳಿಂದ ನೊಂದವರ ಕಣ್ಣೀರು ಅದರ ಹಿಂದಿದೆ. ನಿನ್ನೆ ನಾಯಿಯ ಮೇಲೆ ನೋಡಿದ್ದನ್ನು ಇಂದು ಮಗುವಿನ ಮೇಲೆ ಇಡುವುದಕ್ಕೆ ಈಗ ಅವಕಾಶವಿಲ್ಲ, ಇರಲೂಬಾರದು.

ಹಾಗಾದರೆ ಹಿತ್ತಲ ಗಿಡದ ಗುಣವನ್ನು ನಿರ್ಣಯಿಸುವುದು ಹೇಗೆ? ಬೇರೆಲ್ಲ ಮದ್ದುಗಳನ್ನು ಪರೀಕ್ಷಿಸುವ ಹಾಗೆಯೇ. ನ್ಯೂಜಿಲೆಂಡಿನಲ್ಲಿ 48 ಮಕ್ಕಳು, 49 ವಯಸ್ಕರು, ಒಟ್ಟು 97 ರೋಗಿಗಳನ್ನು ಎರಡು ಗುಂಪು ಮಾಡಿ, ತೆರೆದ ವಿನ್ಯಾಸದ ಈ ವ್ಯವಸ್ಥೆಯನ್ನು ಒಂದು ಗುಂಪಿಗೆ ಕೊಟ್ಟು 24 ವಾರ ಪರೀಕ್ಷಿಸಿದರು. 2022ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಫಲಿತಾಂಶ ಪ್ರಕಟವಾಯಿತು. ಸಕ್ಕರೆ ಹಿತಮಿತದಲ್ಲಿದ್ದ ಸಮಯ ಈ ಗುಂಪಿನಲ್ಲಿ ಶೇಕಡ 71.2ಕ್ಕೆ ಏರಿತ್ತು; ಇನ್ನೊಂದು ಗುಂಪಿನಲ್ಲಿ ಅದು ಶೇಕಡ 54.5. ದಿನಕ್ಕೆ ಲೆಕ್ಕ ಹಾಕಿದರೆ ನಾಲ್ಕು ಗಂಟೆಗಳ ವ್ಯತ್ಯಾಸ. 2023ರ ಜನವರಿಯಲ್ಲಿ, ಹವ್ಯಾಸಿಗಳ ವಿನ್ಯಾಸದಿಂದಲೇ ಬೆಳೆದ ‘ಟೈಡ್‌ಪೂಲ್ ಲೂಪ್’ ಎಂಬ ಸಾಫ್ಟ್‌ವೇರಿಗೆ ಎಫ್.ಡಿ.ಎ. ಅನುಮತಿ ದೊರೆಯಿತು. ಮುಚ್ಚಿದ ಪೆಟ್ಟಿಗೆಯನ್ನು ಅದರ ಒಡೆಯನಷ್ಟೇ ತಿದ್ದಬಲ್ಲ; ತೆರೆದ ನಕ್ಷೆಯ ದೋಷವನ್ನು ಸಾವಿರ ಕಣ್ಣುಗಳು ಹುಡುಕಬಲ್ಲವು. ನಮ್ಮ ಮನೆಯ ಮಕ್ಕಳು ಈಗಲೇ ಯಾರ ಪಂಪಿಗೂ ಕೈಹಾಕಬೇಕಾಗಿಲ್ಲ. ಗೋಡೆಯ ವಿದ್ಯುತ್ತಿನ ಹತ್ತಿರ ಹೋಗದೆ ಬ್ಯಾಟರಿಯ ಐದು ವೋಲ್ಟಿನಲ್ಲಿ ಅವರು ಎಷ್ಟು ಬೇಕಾದರೂ ಕಲಿಯಬಹುದು.

ಕನ್ನಡಿಗರ ಪಾಲಿನ ಕೆಲಸ

ಭಾರತ ಸರ್ಕಾರ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ದೇಶದ ಹತ್ತು ಸಾವಿರ ಶಾಲೆಗಳಿಗೆ ಪ್ರಯೋಗಾಲಯಗಳು ದೊರೆತಿವೆ. ಕರ್ನಾಟಕದ ಶಾಲೆಗಳೂ ಅದರಲ್ಲಿವೆ. ಬೋರ್ಡು ಶಾಲೆಗೆ ಬಂದಿದೆ, ನಕ್ಷೆಯೂ ತೆರೆದಿದೆ. ಆದರೆ ನಕ್ಷೆಯ ವಿವರಣೆ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದುವ ಏಳನೆಯ ತರಗತಿಯ ಹುಡುಗಿಗೆ ಅದು ಇನ್ನೂ ಮುಚ್ಚಿದ ಪೆಟ್ಟಿಗೆಯೇ ಸರಿ. ಪೇಟೆಬೀದಿಯ ರಿಪೇರಿಯವರಿಗೆ ಅಂದು ಕಾಗದವೇ ಇರಲಿಲ್ಲ. ಇವಳಿಗೆ ಕಾಗದವಿದೆ, ಓದಲು ಬರುವ ಭಾಷೆಯಲ್ಲಿಲ್ಲ.

ಈ ಕೂಟದಲ್ಲಿ ಎಂಜಿನಿಯರುಗಳು ತುಂಬಿದ್ದಾರೆ, ಕನ್ನಡವನ್ನು ಚೆನ್ನಾಗಿ ಬಲ್ಲ ಹಿರಿಯರಿದ್ದಾರೆ, ಬೋರ್ಡಿನೊಡನೆ ಆಡುವ ಮಕ್ಕಳಿದ್ದಾರೆ. ಈ ಮೂವರೂ ಒಂದು ಮೇಜಿನ ಸುತ್ತ ಕೂತು, ದೀಪ ಮಿಣುಕಿಸುವುದರಿಂದ ಮೊದಲುಮಾಡಿ ಗಿಡದ ಬುಡದ ತೇವವನ್ನು ಅಳೆಯುವವರೆಗಿನ ಹನ್ನೆರಡು ಪಾಠಗಳನ್ನು ಸರಳ ಕನ್ನಡದಲ್ಲಿ, ಚಿತ್ರಸಹಿತ ಬರೆಯಲಿ ಎಂಬುದು ನಮ್ಮ ವಿನಂತಿ. ಮಕ್ಕಳಿಗೆ ಕನ್ನಡ ಬಂದೀತು, ಹಿರಿಯರಿಗೆ ಎಲೆಕ್ಟ್ರಾನಿಕ್ಸ್ ಬಂದೀತು. ಮುಂದಿನ ಬೇಸಗೆಯಲ್ಲಿ ಊರಿಗೆ ಹೋಗುವವರು ತಾವು ಓದಿದ ಶಾಲೆಗೆ ಅದರ ಹತ್ತು ಪ್ರತಿಗಳನ್ನೂ ಹತ್ತು ಬೋರ್ಡುಗಳನ್ನೂ ಒಯ್ಯಲಿ. ಆ ಹುಡುಗಿ ಅದರಿಂದ ಏನು ಮಾಡುವಳೋ ನಾವು ಊಹಿಸಲಾರೆವು. ಮೆಟ್ರೊನೋಮಿನ ನಕ್ಷೆ ಬರೆದವರೂ ಊಹಿಸಿರಲಿಲ್ಲ.